ಭಾಗಶಃ 18ನೆಯ ಶತಮಾನ: ಒಂದು ಫ್ರೆಂಚ್ ಇಳಿಜಾರು ಮೇಜನ್ನು ಕೊಂಡು ದುರಸ್ತಿ ಮಾಡಿದ ವಿವರ

ಹರಾಜಿನ ಪಟ್ಟಿಯಲ್ಲಿ ಆ ಮೇಜಿನ ವಿವರಣೆ ಎರಡು ಸಾಲನ್ನೂ ತುಂಬಿರಲಿಲ್ಲ: ಇಳಿಜಾರು ಮುಚ್ಚಳದ ಬರವಣಿಗೆ ಮೇಜು, ಆಕ್ರೋಟು ಮರ, ಲಿಯೋಂ ಸೀಮೆ, ಭಾಗಶಃ 18ನೆಯ ಶತಮಾನ, ಹಾನಿ ಮತ್ತು ದುರಸ್ತಿಗಳಿವೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಭಾಗಶಃ’ ಎಂಬ ಮಾತು. ಯಾವ ಭಾಗ ಎಂಬುದನ್ನು ಪಟ್ಟಿ ಹೇಳಿರಲಿಲ್ಲ. ಹರಾಜಿನ ಹಿಂದಿನ ದಿನ ವಸ್ತುಗಳನ್ನು ನೋಡಲು ಬಿಟ್ಟಾಗ ಅಲ್ಲಿದ್ದವರನ್ನು ಕೇಳಿದೆ. ಒಡಲು ಹಳೆಯದೇ ಇರಬೇಕು ಎಂದಷ್ಟೇ ಹೇಳಿ ಅವರು ಮುಂದಿನವರ ಕಡೆಗೆ ತಿರುಗಿದರು. ಆ ಒಂದು ಮಾತಿನ ಅರ್ಥವನ್ನು ಬಿಡಿಸಿಕೊಳ್ಳಲು ನನಗೆ ಜೂನ್‌ನಿಂದ ಅಕ್ಟೋಬರ್‌ವರೆಗಿನ ಶನಿವಾರಗಳೆಲ್ಲ ಬೇಕಾದವು. ಲಿಯೋಂ ನಗರದ ನಮ್ಮ ವಸತಿ ಕಟ್ಟಡದ ನೆಲಮಾಳಿಗೆಯಲ್ಲಿ ಮೇಜನ್ನು ಮಗುಚಿ ಹಾಕಿಕೊಂಡು ನಡೆಸಿದ ಆ ಕೆಲಸದ ವಿವರವೇ ಈ ಬರಹ.

ಮೊದಲು ವಸ್ತು ಯಾವುದೆಂದು ಸ್ಪಷ್ಟಪಡಿಸಬೇಕು. ಫ್ರೆಂಚರು ಇದನ್ನು ‘ಸೆಕ್ರೆತೇರ್ ಆಂ ಪಾಂತ್’ ಎನ್ನುತ್ತಾರೆ. ಪಾಂತ್ ಎಂದರೆ ಇಳಿಜಾರು. ‘ದೋ ದಾನ್’, ಅಂದರೆ ಕತ್ತೆಯ ಬೆನ್ನು, ಎಂಬ ಹೆಸರೂ ಬಳಕೆಯಲ್ಲಿದೆ. ಕಟ್ಟುನಿಟ್ಟಾಗಿ ನೋಡಿದರೆ ಆ ಹೆಸರು ಇಬ್ಬರು ಎದುರುಬದುರು ಕುಳಿತು ಬರೆಯುವಂತೆ ಎರಡೂ ಬದಿಗೆ ಇಳಿಜಾರಿರುವ ಮೇಜಿಗೆ ಸಲ್ಲುತ್ತದೆಯಾದರೂ, ಮಾರುವವರು ಒಂದೇ ಇಳಿಜಾರಿನದಕ್ಕೂ ಅದನ್ನೇ ಅಂಟಿಸುತ್ತಾರೆ. ನಮ್ಮ ಅಂಗಡಿಗಳಲ್ಲಿ ಗುಮಾಸ್ತರು ಚಕ್ಕಳಮಕ್ಕಳ ಹಾಕಿ ಕುಳಿತು ಲೆಕ್ಕ ಬರೆಯುತ್ತಿದ್ದ ಡೆಸ್ಕನ್ನು ನೆನೆದುಕೊಂಡರೆ ಇದರ ಸ್ವಭಾವ ತಿಳಿಯುವುದಿಲ್ಲ, ಏಕೆಂದರೆ ಆ ಡೆಸ್ಕಿನಲ್ಲಿ ಇಳಿಜಾರಿನ ಮೇಲೆಯೇ ಬರೆಯುತ್ತಾರೆ. ಫ್ರೆಂಚ್ ಮೇಜಿನಲ್ಲಿ ಇಳಿಜಾರು ಇರುವುದು ಮುಚ್ಚಿದಾಗ ಮಾತ್ರ. ಮುಚ್ಚಳವನ್ನು ಮುಂದಕ್ಕೆ ಬಗ್ಗಿಸಿ ತೆರೆದರೆ ಅದು ಸಮತಲವಾದ ಬರೆಯುವ ಹಲಗೆಯಾಗಿ, ಒಡಲಿನಿಂದ ಎಳೆದ ಎರಡು ಆನಿಕೆ ಪಟ್ಟಿಗಳ ಮೇಲೆ ಕೂರುತ್ತದೆ. ಮುಂಭಾಗ ನೆಟ್ಟಗೆ ನಿಂತು ಗೋಡೆ ಕಪಾಟಿನಂತೆ ಕಾಣುವ ‘ಸೆಕ್ರೆತೇರ್ ಆ ಅಬಾತ್ತಾಂ’ ಬೇರೆ ಜಾತಿಯದು. ಉರುಳೆಯಾಕಾರದ ಮುಚ್ಚಳವಿರುವುದೂ ಬೇರೆ. ಅದರ ಅತಿ ಪ್ರಸಿದ್ಧ ಮಾದರಿಯಾದ ದೊರೆ 15ನೆಯ ಲೂಯಿಯ ಮೇಜನ್ನು ಓಬೆನ್ ಎಂಬ ಬಡಗಿ 1760ರಲ್ಲಿ ಆರಂಭಿಸಿ, ರೀಸ್ನೆರ್ ಎಂಬವನು 1769ರಲ್ಲಿ ಮುಗಿಸಿದನು, ಅದು ಈಗಲೂ ವರ್ಸಾಯ್ ಅರಮನೆಯಲ್ಲಿದೆ. ಇಳಿಜಾರು ಮೇಜಿನ ಏಳಿಗೆಯ ಕಾಲವೆಂದರೆ ಅದಕ್ಕೆ ಸ್ವಲ್ಪ ಹಿಂದಿನದು, 15ನೆಯ ಲೂಯಿಯ ಆಳ್ವಿಕೆಯ ನಡುಭಾಗ. ಕೆಳಗೆ ಕಾಲುಗಳಿಗೆ ಬದಲು ದೊಡ್ಡ ಡ್ರಾಯರುಗಳ ಸಾಲಿದ್ದರೆ ಅದಕ್ಕೆ ‘ಸ್ಕ್ರಿಬಾನ್’ ಎಂಬ ಹೆಸರುಂಟು.

ಈ ಮೇಜನ್ನು ಕೊಳ್ಳುವ ಮೊದಲು ನಾನು ಎರಡನ್ನು ಬಿಟ್ಟಿದ್ದೆ. ಅವುಗಳಿಂದ ಕಲಿತದ್ದನ್ನು ಇಲ್ಲಿ ಹೇಳದಿದ್ದರೆ ಮುಂದಿನ ಕೆಲಸ ಅರ್ಥವಾಗುವುದಿಲ್ಲ.

ಮೊದಲನೆಯದು ಒಬ್ಬ ವ್ಯಾಪಾರಿಯ ಅಂಗಡಿಯಲ್ಲಿದ್ದ, ನೋಡಿದ ಕೂಡಲೇ ಮನಸೋಲುವಂಥ ಪುಟ್ಟ ಮೇಜು: ಬಾಗಿದ ಕಾಲುಗಳು, ಚಿನ್ನದ ಬಣ್ಣದ ಕಂಚಿನ ಅಲಂಕಾರ, ಮುಚ್ಚಳದ ತುಂಬ ‘ಬುವಾ ದ ರೋಜ್’ ಮತ್ತು ‘ಬುವಾ ದ ವಿಯೊಲೆತ್’ ಮರಗಳ ತೆಳುಹಲಗೆಯ ಜೋಡಣೆ. ಈ ಎರಡೂ ಬ್ರೆಜಿಲ್‌ನಿಂದ ಬರುತ್ತಿದ್ದ ಮರಗಳು, ಮತ್ತು ಎರಡೂ ಡಾಲ್ಬರ್ಜಿಯಾ ಕುಲಕ್ಕೆ ಸೇರಿದವು, ಅಂದರೆ ನಮ್ಮ ಮಲೆನಾಡಿನ ಬೀಟೆಯ ದಾಯಾದಿಗಳು. ಮೈಸೂರಿನ ಬೀಟೆ ಮರದ ಇನ್‌ಲೇ ಕೆಲಸವನ್ನು ನೋಡಿ ಬೆಳೆದ ಕಣ್ಣಿಗೆ ಆ ಗೆರೆಗಳು ಪರಿಚಿತವೆನಿಸಿದ್ದು ಆಕಸ್ಮಿಕವಲ್ಲ. (2017ರ ಜನವರಿಯಿಂದ ಇಡೀ ಡಾಲ್ಬರ್ಜಿಯಾ ಕುಲವೇ ಅಪಾಯದಲ್ಲಿರುವ ಸಸ್ಯ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವುದರಿಂದ, ಇಂಥ ಮೇಜನ್ನು ಊರಿಗೆ ಒಯ್ಯುವ ಆಸೆಯಿರುವವರು ಕಾಗದಪತ್ರಗಳ ಬಗ್ಗೆ ಕೊಳ್ಳುವ ಮೊದಲೇ ವಿಚಾರಿಸಬೇಕು.) ಆದರೆ ಬೀಗವನ್ನು ಕೂರಿಸಲು ಕೊರೆದ ಗುಳಿಯ ಅಂಚಿನಲ್ಲಿ ತೆಳುಹಲಗೆಯ ದಪ್ಪ ಬಯಲಾಗಿತ್ತು. ಕೈಗರಗಸದಿಂದ ಸೀಳಿದ 18ನೆಯ ಶತಮಾನದ ತೆಳುಹಲಗೆ ಒಂದೂವರೆ, ಎರಡು ಮಿಲಿಮೀಟರಿನಷ್ಟು ದಪ್ಪವಿರುತ್ತದೆ, ಅದೂ ಎಲ್ಲೆಡೆ ಒಂದೇ ಸಮನಾಗಿರುವುದಿಲ್ಲ. ಇಲ್ಲಿದ್ದದ್ದು ದಪ್ಪ ಕಾಗದದಂತೆ, ಯಂತ್ರದ ಅಲಗು ಹೆರೆದು ತೆಗೆದದ್ದು. ಡ್ರಾಯರಿನ ತಳದ ಹಲಗೆಯ ಮೇಲೆ ಕಮಾನಿನಂತೆ ಬಾಗಿದ ಗರಗಸದ ಗೀರುಗಳಿದ್ದವು, ಅಂದರೆ ಸೀಳಿದ್ದು ಚಕ್ರದ ಗರಗಸ. ಕೀಲಿನ ತಿರುಪುಗಳು ಚೂಪು ಮೊನೆಯವು. ಮೊನೆಯಿರುವ ತಿರುಪು 19ನೆಯ ಶತಮಾನದ ನಡುಭಾಗದ ಸಂಗತಿ, ಅದಕ್ಕೆ ಹಿಂದಿನವುಗಳ ತುದಿ ಮೊಂಡಾಗಿ, ತಲೆಯ ಸೀಳು ಓರೆಕೋರೆಯಾಗಿರುತ್ತದೆ. ಈ ಮೂರೂ ಸಾಕ್ಷಿಗಳು ಒಂದೇ ಕಡೆಗೆ ಬೆರಳು ತೋರುತ್ತಿದ್ದವು: ಮೂರನೆಯ ನೆಪೋಲಿಯನ್ ಕಾಲದಲ್ಲಿಯೋ ಅದರ ನಂತರವೋ, ಹಳೆಯ ಶೈಲಿಯ ಮೇಲಿನ ವ್ಯಾಮೋಹಕ್ಕಾಗಿ ಮಾಡಿದ ಪ್ರತಿ.

ಮೋಸ ಎಂದು ನಾನು ಹೇಳುತ್ತಿಲ್ಲ. ಬೆಲೆಚೀಟಿಯ ಮೇಲೆ ‘15ನೆಯ ಲೂಯಿ ಶೈಲಿ’ ಎಂದೇ ಬರೆದಿತ್ತು, ‘15ನೆಯ ಲೂಯಿಯ ಕಾಲ’ ಎಂದಿರಲಿಲ್ಲ. ಫ್ರಾನ್ಸಿನಲ್ಲಿ ಈ ಎರಡು ಮಾತುಗಳ ನಡುವಿನ ಅಂತರ ಕಾನೂನಿನದು. 1981ರ ಮಾರ್ಚ್ 3ರ ಸರ್ಕಾರಿ ಆದೇಶದ ಪ್ರಕಾರ ವಸ್ತುವಿನ ಹೆಸರಿನ ಜೊತೆ ಕಾಲವನ್ನೋ ಶತಮಾನವನ್ನೋ ಹೇಳಿದರೆ, ಅದು ಆ ಕಾಲದಲ್ಲಿಯೇ ತಯಾರಾಯಿತೆಂದು ಮಾರುವವನು ಖಾತರಿ ಕೊಟ್ಟಂತೆ; ಯಾವುದಾದರೂ ಭಾಗ ಆಮೇಲೆ ಮಾಡಿದ್ದಾದರೆ ಕೊಳ್ಳುವವನಿಗೆ ತಿಳಿಸಲೇಬೇಕು. ‘ಶೈಲಿ’ ಎಂದರೆ ಅಂಥ ಯಾವ ಖಾತರಿಯೂ ಇಲ್ಲ. ಆದ್ದರಿಂದ ಚೀಟಿಯ ಮೇಲೆ ‘ಎಪೋಕ್’ (ಕಾಲ) ಎಂದಿದೆಯೋ ‘ಸ್ತೀಲ್’ (ಶೈಲಿ) ಎಂದಿದೆಯೋ ಎಂಬುದನ್ನು ಮೊದಲು ಓದಬೇಕು, ಕೊಂಡ ಮೇಲೆ ರಸೀತಿಯಲ್ಲೂ ಅದೇ ಪದ ಬರುವಂತೆ ನೋಡಿಕೊಳ್ಳಬೇಕು.

ಅದೇ ಮೇಜಿನ ಅಂಚಿನಡಿ ಒಂದು ಮುದ್ರೆಯೂ ಇತ್ತು, ಮತ್ತು ವ್ಯಾಪಾರಿ ಅದನ್ನು ಬಹಳ ಹುರುಪಿನಿಂದ ತೋರಿಸಿದರು. ಪ್ಯಾರಿಸ್ಸಿನ ಬಡಗಿಗಳ ಸಂಘ 1743ರಲ್ಲಿ ರೂಪಿಸಿದ, 1751ರಲ್ಲಿ ನೋಂದಾಯಿತವಾದ ನಿಯಮಾವಳಿಯು ಪ್ರತಿಯೊಬ್ಬ ಯಜಮಾನ ಬಡಗಿಯೂ ತನ್ನ ಕೆಲಸದ ಮೇಲೆ ಹೆಸರಿನ ಮುದ್ರೆಯೊತ್ತಬೇಕೆಂದು ವಿಧಿಸಿತು. ಸಂಘದ ತಪಾಸಣೆಗಾರರು ಒಪ್ಪಿದ ಮೇಲೆ ‘ಜೆ ಎಂ ಇ’ ಎಂಬ ಇನ್ನೊಂದು ಗುರುತು ಬೀಳುತ್ತಿತ್ತು. 1791ರಲ್ಲಿ ಸಂಘಗಳೇ ರದ್ದಾದವು. ಆದರೆ ಅರಮನೆಗೆ ಕೆಲಸ ಮಾಡುವವರಿಗೂ ಸಾಂತಾಂತ್ವಾನ್ ಬಡಾವಣೆಯಂಥ ವಿನಾಯಿತಿ ಪಡೆದ ಜಾಗಗಳಲ್ಲಿದ್ದವರಿಗೂ ಈ ಕಟ್ಟು ಇರಲಿಲ್ಲ, ದುರಸ್ತಿ ಮಾಡಿದವನ ಮುದ್ರೆಯೂ ಮೇಜಿನ ಮೇಲೆ ಉಳಿಯಬಹುದಿತ್ತು, ಪ್ಯಾರಿಸ್ಸಿನ ಆಚೆ ಮುದ್ರೆಯೊತ್ತುವವರೇ ಅಪರೂಪ. ಗ್ರೆನೋಬ್ಲ್ ನಗರದ ಆಶ್ ಮನೆತನ ಅಂಥ ಅಪರೂಪದವರಲ್ಲಿ ಒಂದು. ಹೀಗಾಗಿ ಮುದ್ರೆಯಿದ್ದ ಮಾತ್ರಕ್ಕೆ ಅಸಲಿಯಲ್ಲ, ಇಲ್ಲದ ಮಾತ್ರಕ್ಕೆ ನಕಲಿಯಲ್ಲ. ನಾನಂತೂ ಅದನ್ನು ಎಲ್ಲಕ್ಕಿಂತ ಕೊನೆಗೆ ನೋಡುತ್ತೇನೆ.

ಎರಡನೆಯ ಮೇಜಿನ ವಿಷಯ ಚಿಕ್ಕದು. ಮೇಲಿನ ಪೆಟ್ಟಿಗೆ ಒಂದು ಮೇಜಿನದು, ಕೆಳಗಿನ ಕಾಲುಗಳು ಇನ್ನೊಂದರವು. ಇದಕ್ಕೆ ಇಲ್ಲಿಯ ವ್ಯಾಪಾರಿಗಳು ‘ಮದುವೆ’ ಎಂಬ ಮುದ್ದಾದ ಹೆಸರಿಟ್ಟಿದ್ದಾರೆ. ಗುಟ್ಟನ್ನು ರಟ್ಟು ಮಾಡಿದ್ದು ಕೊರೆಹುಳು. ಹುಳು ಮರದೊಳಗೆ ಸುರಂಗ ಕೊರೆದು ಕೊನೆಗೆ ಒಂದೆರಡು ಮಿಲಿಮೀಟರಿನ ದುಂಡು ತೂತಿನಿಂದ ಹೊರಬರುತ್ತದೆ, ಆದ್ದರಿಂದ ಮರದ ಮೇಲ್ಮೈಯಲ್ಲಿ ಕಾಣಬೇಕಾದದ್ದು ದುಂಡು ತೂತುಗಳು ಮಾತ್ರ. ಆ ಮೇಜಿನ ಅಡ್ಡಪಟ್ಟಿಯ ಮೇಲೆ ಉದ್ದುದ್ದನೆಯ ಕಾಲುವೆಗಳು ತೆರೆದುಕೊಂಡಿದ್ದವು. ಹುಳು ತಿಂದು ಮುಗಿಸಿದ ಹಳೆಯ ಮರವನ್ನು ಆಮೇಲೆ ಯಾರೋ ಸೀಳಿ ಹೊಸದಾಗಿ ಬಳಸಿಕೊಂಡಿದ್ದಾರೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಮೂರನೆಯದೇ ನಾನು ಕೊಂಡದ್ದು. ಅಗಲ 92 ಸೆಂಟಿಮೀಟರ್, ಎತ್ತರ 98, ಆಳ 47. ತೆರೆದ ಹಲಗೆ ನೆಲದಿಂದ 73 ಸೆಂಟಿಮೀಟರ್ ಮೇಲಿರಬೇಕಾದದ್ದು ಮುಂದಿನ ಅಂಚಿನಲ್ಲಿ ಎರಡು ಬೆರಳಿನಷ್ಟು ಜೋತಿತ್ತು. ತೆಳುಹಲಗೆಯ ಸೊಗಸು ಯಾವುದೂ ಇಲ್ಲದ, ಹೊರಗೆಲ್ಲ ಗಟ್ಟಿ ಆಕ್ರೋಟು ಮರದ, ಹಳ್ಳಿ ಕಡೆಯ ಗಂಭೀರ ಮೇಜು. ಗ್ರೆನೋಬ್ಲ್ ಸುತ್ತಿನ ಕಣಿವೆಗಳು ಇಂದಿಗೂ ಆಕ್ರೋಟಿಗೆ ಹೆಸರಾಗಿವೆ, ಆದ್ದರಿಂದ ಲಿಯೋಂ ಸೀಮೆಯ ಬಡಗಿಗಳು ಇದೇ ಮರವನ್ನು ಧಾರಾಳವಾಗಿ ಬಳಸಿದ್ದರಲ್ಲಿ ಆಶ್ಚರ್ಯವಿಲ್ಲ. ನಾನು ಟಾರ್ಚು, ಪುಟ್ಟ ಕನ್ನಡಿ, ವರ್ನಿಯರ್ ಕ್ಯಾಲಿಪರ್ ಮತ್ತು ನೇರಳಾತೀತ ದೀಪ ಹಿಡಿದು ಹೋಗಿದ್ದೆ. ಹಿಂಬದಿಯ ಹಲಗೆಗಳ ಮೇಲೆ ಅಂಗೈಯಾಡಿಸಿದಾಗ ಅಲೆಯಲೆಯಾಗಿ ತಗ್ಗುದಿಣ್ಣೆಗಳು ಸಿಕ್ಕಿದವು. ಬಾಗಿದ ಅಲಗಿನ ಹತ್ತರಿಯಿಂದ ಒರಟಾಗಿ ಹೆರೆದು, ಕಾಣದ ಭಾಗವೆಂದು ಅಲ್ಲಿಗೇ ಬಿಟ್ಟ ಗುರುತು ಅದು. ದೊಡ್ಡ ಡ್ರಾಯರಿನ ಮೂಲೆಯಲ್ಲಿ ಪಾರಿವಾಳದ ಬಾಲದಂತೆ ಕೊರೆದು ಜೋಡಿಸುವ ಮೂರೇ ಮೂರು ಅಗಲವಾದ ಡವ್‌ಟೇಲ್ ಹಲ್ಲುಗಳಿದ್ದವು, ಒಂದರಂತೆ ಇನ್ನೊಂದಿರಲಿಲ್ಲ, ಅಳತೆಗೆ ಮೊಳೆಯಿಂದ ಎಳೆದ ಗೆರೆ ಹಾಗೆಯೇ ಉಳಿದಿತ್ತು. ಆನಿಕೆ ಪಟ್ಟಿಯ ತುದಿಯಲ್ಲಿದ್ದ ಲೇತಿನಲ್ಲಿ ಕಡೆದ ಮರದ ಹಿಡಿಗುಬ್ಬಿಯನ್ನು ಕ್ಯಾಲಿಪರ್‌ನಿಂದ ಅಳೆದರೆ ಒಂದು ದಿಕ್ಕಿಗೆ 21.4, ಅಡ್ಡ ದಿಕ್ಕಿಗೆ 20.7 ಮಿಲಿಮೀಟರ್. ಮರ ಎಲ್ಲ ದಿಕ್ಕಿಗೂ ಸಮನಾಗಿ ಕುಗ್ಗುವುದಿಲ್ಲವಾದ್ದರಿಂದ ದುಂಡಗೆ ಕಡೆದದ್ದು ದಶಕಗಳು ಕಳೆದಂತೆ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಇಷ್ಟು ನೋಡಿದ ಮೇಲೆ ಒಡಲು ಹಳೆಯದೆಂಬ ಧೈರ್ಯ ಬಂತು. ನೇರಳಾತೀತ ಬೆಳಕಿನಲ್ಲಿ ಹೊರಮೈಯೆಲ್ಲ ಕಿತ್ತಳೆ ಬಣ್ಣಕ್ಕೆ ಹೊಳೆಯಿತು, ಅಂದರೆ ಮೇಲಿರುವುದು ಅರಗಿನ ಪಾಲಿಷ್; ಅದರ ವಿಷಯ ಮುಂದೆ ಬರುತ್ತದೆ. ನಾನು ಸರಿಯಾಗಿ ನೋಡದೆ ಬಿಟ್ಟದ್ದು ಒಳಗಿನ ಪುಟ್ಟ ಡ್ರಾಯರುಗಳನ್ನು, ಮತ್ತು ‘ಭಾಗಶಃ’ ಎಂಬ ಮಾತು ಕುಳಿತಿದ್ದದ್ದು ಅಲ್ಲಿಯೇ.

ಹರಾಜು 340 ಯೂರೋಗೆ ನಿಂತಿತು. ಅದರ ಮೇಲೆ ಶೇಕಡ 25ರಷ್ಟು ಹರಾಜು ಮನೆಯ ಶುಲ್ಕ ಸೇರಿ 425 ಆಯಿತು. ಕೂಗಿದ ಬೆಲೆಯೇ ಕೊಡುವ ಬೆಲೆ ಎಂದುಕೊಂಡು ಕೈಯೆತ್ತುವವರು ಇಲ್ಲಿ ಎಡವುತ್ತಾರೆ. ಕಳೆದ ಎರಡು ದಶಕಗಳಲ್ಲಿ ಕಂದು ಬಣ್ಣದ ಹಳೆಯ ಮರದ ಸಾಮಾನುಗಳ ಬೆಲೆ ಬಹಳ ಇಳಿದಿರುವುದರಿಂದಲೇ ನನ್ನಂಥವನ ಕೈಗೆ ಇದು ಎಟುಕಿದ್ದು.

ಜೂನ್ ತಿಂಗಳ ಮೊದಲ ಶನಿವಾರ ಮೇಜನ್ನು ಮಗುಚಿ, ಕಾಲುಗಳ ಕೆಳಗೆ ಕಪ್ಪು ಕಾಗದ ಹಾಸಿ, ಎರಡು ವಾರ ಮುಟ್ಟದೆ ಬಿಟ್ಟೆ. ಹುಳುವಿನ ಹಳೆಯ ತೂತುಗಳ ಅಂಚು ಕಪ್ಪಾಗಿ ಧೂಳು ತುಂಬಿರುತ್ತದೆ. ಜೀವಂತ ಹುಳುವಿದ್ದರೆ ತಿಳಿ ಬಣ್ಣದ ಹೊಸ ಪುಡಿ ಉದುರುತ್ತದೆ, ಮತ್ತು ಪ್ರೌಢ ಕೀಟಗಳು ಹೊರಬರುವುದು ಇಲ್ಲಿ ವಸಂತದ ಕೊನೆಯಿಂದ ಬೇಸಿಗೆಯವರೆಗೆ. ಹಿಂದಿನ ಎಡಗಾಲಿನ ಕೆಳಗೆ ರವೆಯಂತೆ ಸಣ್ಣ ಗುಡ್ಡೆ ಬಿದ್ದಿತ್ತು. ಪರ್ಮೆತ್ರಿನ್ ಇರುವ ದ್ರಾವಣವನ್ನು ಸಿರಿಂಜಿನಿಂದ ತೂತುಗಳಿಗೆ ಇಳಿಸಿ, ಪಾಲಿಷ್ ಇಲ್ಲದ ಒಳಮೈಗೆ ಕುಂಚದಿಂದ ಬಳಿದು, ಪ್ಲಾಸ್ಟಿಕ್ ಹೊದಿಸಿ ಮೂರು ವಾರ ಬಿಟ್ಟೆ. ಈ ಔಷಧ ಬೆಕ್ಕುಗಳಿಗೆ ವಿಷ. ಕಟ್ಟಡದ ಕಾವಲುಗಾರ್ತಿಯ ಬೆಕ್ಕು ನೆಲಮಾಳಿಗೆಗೆ ಬರುವ ರೂಢಿಯಿದ್ದುದರಿಂದ ಬಾಗಿಲಿನ ಸಂದಿಗೆ ಹಲಗೆ ಹೊಡೆದು ಮುಚ್ಚಬೇಕಾಯಿತು. ಹುಳುವಿನ ಕೆಲಸ ಮುಗಿಯುವ ಮೊದಲು ಬೇರೇನನ್ನೂ ಆರಂಭಿಸಬಾರದು, ಏಕೆಂದರೆ ಹುಳು ತಿಂದ ಮರಕ್ಕೆ ಹಾಕಿದ ಅಂಟು ಪುಡಿಯ ಮೇಲೆ ಕೂರುತ್ತದೆಯೇ ಹೊರತು ಮರದ ಮೇಲಲ್ಲ.

ಜುಲೈಯಲ್ಲಿ ಉಳಿದ ದಿನಗಳೆಲ್ಲ ಮುಚ್ಚಳಕ್ಕೆ ಹೋದವು. ಮೂರು ಆಕ್ರೋಟು ಹಲಗೆಗಳನ್ನು ಅಗಲಕ್ಕೆ ಕೂಡಿಸಿ, ಎರಡೂ ತುದಿಗೆ ಅಡ್ಡಪಟ್ಟಿ ತೊಡಿಸಿದ ಮುಚ್ಚಳ ಅದು. ಹಲಗೆಗಳು ಅಗಲದಲ್ಲಿ ಕುಗ್ಗಬಯಸುತ್ತವೆ, ಅಡ್ಡಪಟ್ಟಿ ಬಿಡುವುದಿಲ್ಲ; ಚಳಿಗಾಲದ ಹೀಟರ್ ಗಾಳಿಯನ್ನು ಒಣಗಿಸುತ್ತಲೇ ಇರುತ್ತದೆ. ಕೊನೆಗೆ ಎರಡು ಜೋಡಣೆಗಳಲ್ಲಿ ಒಂದು ಬಲತುದಿಯಲ್ಲಿ 4 ಮಿಲಿಮೀಟರ್ ಬಾಯಿಬಿಟ್ಟು, ಎಡಕ್ಕೆ ಹೋಗುತ್ತ ಕೂದಲೆಳೆಯಾಗಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಯಾರೋ ಬಿಳಿಯ ಅಂಟು ಸುರಿದು, ಹಿಂಬದಿಯಲ್ಲಿ ಕಬ್ಬಿಣದ ತಗಡನ್ನು ಆರು ತಿರುಪಿನಿಂದ ಬಿಗಿದಿದ್ದರು. ಮರಕ್ಕೆ ಚಲಿಸಲು ಇನ್ನಷ್ಟು ಅಡ್ಡಿಯಾದ್ದರಿಂದ ತಗಡಿನ ಪಕ್ಕದಲ್ಲೇ ಎರಡನೆಯ ಬಿರುಕು ಹುಟ್ಟಿತ್ತು. ಬಿಳಿಯ ಅಂಟು ನೀರಿಗೆ ಕರಗುವುದಿಲ್ಲ. ಬಿಸಿ ವಿನೆಗರ್‌ನಲ್ಲಿ ಅದ್ದಿದ ಬಟ್ಟೆಯನ್ನು ಗಂಟೆಗಟ್ಟಲೆ ಇಟ್ಟು, ಅದು ಉಬ್ಬಿ ಮೆತ್ತಗಾದ ಮೇಲೆ ಮರದ ಚೂರಿನಿಂದ ಕೆರೆದು ತೆಗೆಯಲು ಎರಡು ಶನಿವಾರ ಹಿಡಿಯಿತು. ಆ ಅನಾಮಿಕ ದುರಸ್ತಿಗಾರನ ಮೇಲೆ ನನಗೆ ಬಂದ ಕೋಪವನ್ನು ಇಲ್ಲಿ ವಿವರಿಸುವುದಿಲ್ಲ.

ಮೂಲ ಬಡಗಿ ಬಳಸಿದ್ದದ್ದು ಚರ್ಮ, ಮೂಳೆಗಳನ್ನು ಕುದಿಸಿ ತೆಗೆದ ಅಂಟು, ನಮ್ಮ ಹಳೆಯ ಬಡಗಿಗಳು ಮರವಜ್ರ ಎನ್ನುತ್ತಿದ್ದದ್ದೇ. ಅದರ ಹರಳುಗಳನ್ನು ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು 60ರಿಂದ 65 ಡಿಗ್ರಿಗೆ ಕಾಯಿಸಬೇಕು. 70 ದಾಟಿದರೆ ಅಂಟಿನ ಬಲ ಕುಂದುತ್ತದೆ, ಕುದಿಸಿದರೆ ಕೆಟ್ಟೇ ಹೋಗುತ್ತದೆ. ಇದರ ದೊಡ್ಡ ಗುಣವೆಂದರೆ ಬಿಸಿ ಮತ್ತು ತೇವ ತಾಗಿಸಿದರೆ ಇನ್ನೂರು ವರ್ಷದ ಹಿಂದಿನದೂ ಬಿಟ್ಟುಕೊಡುತ್ತದೆ, ಮತ್ತು ಹಳೆಯ ಅಂಟಿನ ಉಳಿಕೆಯ ಮೇಲೆ ಹೊಸದು ಹಿಡಿಯುತ್ತದೆ. ಬಿರುಕನ್ನು ಕ್ಲಾಂಪ್ ಹಾಕಿ ಬಿಗಿದು ಮುಚ್ಚಲು ನಾನು ಹೋಗಲಿಲ್ಲ. ಹಾಗೆ ಮಾಡಿದರೆ ಮುಚ್ಚಳ ಕಿರಿದಾಗಿ ಬೀಗದ ನಾಲಿಗೆ ತನ್ನ ಗುಳಿಯನ್ನು ತಪ್ಪುತ್ತದೆ, ಮತ್ತು ಮುಂದಿನ ಚಳಿಗಾಲಕ್ಕೆ ಬಿರುಕು ಬೇರೆಡೆ ಬಾಯಿಬಿಡುತ್ತದೆ. ಇಲ್ಲಿಯ ಬಡಗಿಗಳು ‘ಫ್ಲಿಪೋ’ ಎನ್ನುವ ಕ್ರಮವಿದೆ: ಬಿರುಕಿನ ಆಕಾರಕ್ಕೇ ಹೆರೆದ, ಅದೇ ದಿಕ್ಕಿಗೆ ಎಳೆಯಿರುವ ಹಳೆಯ ಮರದ ತೆಳು ಬೆಣೆಯನ್ನು ಅಂಟು ಸವರಿ ಇಳಿಸಿ, ಒಣಗಿದ ಮೇಲೆ ಮೇಲ್ಮೈಗೆ ಸಮನಾಗಿ ಹೆರೆಯುವುದು. ಒಡೆದುಹೋದ ಆಕ್ರೋಟು ಮಂಚದ ಪಟ್ಟಿಯೊಂದನ್ನು ವಿಲರ್‌ಬಾನ್‌ನ ಕಾಲುವೆ ಬದಿಯ ಹಳೆಯ ಸಾಮಾನಿನ ಸಂತೆಯಲ್ಲಿ 8 ಯೂರೋಗೆ ಕೊಂಡು, ಅದರಿಂದ ಬೆಣೆ ಮಾಡಿದೆ. ಮೊದಲನೆಯ ಬೆಣೆಯನ್ನು ಅತಿ ಆಸೆಯಿಂದ ದಪ್ಪಗೆ ಹೆರೆದು ಹೊಡೆದಾಗ ಕೂದಲೆಳೆಯ ತುದಿ ಇನ್ನೊಂದು ಸೆಂಟಿಮೀಟರ್ ಮುಂದಕ್ಕೆ ಸೀಳಿತು. ಎರಡನೆಯದನ್ನು ಬೆರಳಿನಿಂದ ಒತ್ತಿದರೆ ಇಳಿಯುವಷ್ಟು ಸಡಿಲಾಗಿ ಮಾಡಿದೆ. ಬಲತುದಿಯ ಅಡ್ಡಪಟ್ಟಿಯ ಮರದ ಗೂಟಗಳನ್ನು ತೆಗೆದು, ಮಧ್ಯದ ಗೂಟಕ್ಕೆ ಮಾತ್ರ ಅಂಟು ಹಾಕಿ, ಉಳಿದವುಗಳ ತೂತನ್ನು ಹಲಗೆಯ ನಾಲಿಗೆಯಲ್ಲಿ ತುಸು ಉದ್ದಕ್ಕೆ ಮಾಡಿದ್ದರಿಂದ ಈಗ ಹಲಗೆಗಳಿಗೆ ಅತ್ತಿತ್ತ ಸರಿಯಲು ಎಡೆಯಿದೆ.

ಮುಚ್ಚಳ ಜೋತಿದ್ದಕ್ಕೆ ಕೀಲು ಕಾರಣವೆಂದು ನಾನು ಮೊದಲು ತಪ್ಪಾಗಿ ತಿಳಿದಿದ್ದೆ. ಕಾರಣ ಆನಿಕೆ ಪಟ್ಟಿಗಳು. ಸಾವಿರಾರು ಬಾರಿ ಎಳೆದು ತಳ್ಳಿದ್ದರಿಂದ ಅವುಗಳ ಕೆಳಮೈಯೂ, ಅವು ಜಾರುವ ಹಾದಿಯೂ ಸವೆದು, ಎರಡೂ ಸೇರಿ 5 ಮಿಲಿಮೀಟರ್ ತಗ್ಗಿದ್ದವು. ಪಟ್ಟಿಯನ್ನು ಪೂರ್ತಿ ಎಳೆದಾಗ ಆ ತಗ್ಗು ಮುಂತುದಿಯಲ್ಲಿ ನಾಲ್ಕೈದು ಪಟ್ಟು ದೊಡ್ಡದಾಗಿ ಕಾಣುತ್ತಿತ್ತು. ಸವೆದ ಜಾಗವನ್ನು ಸಮತಟ್ಟಾಗಿಸಲು ಬೇಕಾದಷ್ಟೇ ಹೆರೆದು, ಓಕ್ ಮರದ ಪಟ್ಟಿಗಳನ್ನು ಅದೇ ಅಂಟಿನಿಂದ ಕೂರಿಸಿದೆ. ಹೊಸ ಮರದ ಒಳಮುಖದ ಮೇಲೆ ಪೆನ್ಸಿಲಿನಿಂದ ವರ್ಷ ಬರೆದಿದ್ದೇನೆ, ಮುಂದೆ ಮೇಜನ್ನು ಮಗುಚುವವರಿಗೆ ಯಾವುದು ನನ್ನದೆಂದು ತಿಳಿಯಲಿ ಎಂದು.

ಆಗಸ್ಟ್ ಎರಡನೆಯ ವಾರ ಒಳಭಾಗವನ್ನು ಬಿಚ್ಚಿದೆ. ಹಿಂಬದಿಯಲ್ಲಿ ಮೆಟ್ಟಿಲಿನಂತೆ ಜೋಡಿಸಿದ ಆರು ಪುಟ್ಟ ಡ್ರಾಯರುಗಳು, ನಡುವೆ ಕಾಗದವಿಡುವ ಗೂಡುಗಳು, ಮುಂದೆ ಬರೆಯುವ ಹಲಗೆಗೆ ಸಮನಾದ ಪುಟ್ಟ ನೆಲ. ಡ್ರಾಯರಿನ ತಳ ಹಿಡಿದಿದ್ದ ಮೊಳೆಗಳನ್ನು ಕಿತ್ತರೆ ದುಂಡು ತಂತಿಯ ಮೊಳೆಗಳು. ಬಡಿದು ಮಾಡಿದ ಹಳೆಯ ಮೊಳೆ ಚೌಕವಾಗಿದ್ದು ತುದಿಯ ಕಡೆಗೆ ಸಣ್ಣಗಾಗುತ್ತದೆ; ತಂತಿ ಕತ್ತರಿಸಿ ಮಾಡುವ, ಇಲ್ಲಿ ‘ಪ್ಯಾರಿಸ್ ಮೊನೆ’ ಎಂದೇ ಕರೆಯುವ ಮೊಳೆ 19ನೆಯ ಶತಮಾನದ್ದು. ಡ್ರಾಯರುಗಳ ಮರವೂ ಪಾಪ್ಲರ್, ಒಡಲಿನ ದೊಡ್ಡ ಡ್ರಾಯರಿನ ಮರವಲ್ಲ. ಗೂಡುಗಳನ್ನು ಹೊರತೆಗೆದ ಮೇಲೆ ಪಕ್ಕದ ಹಲಗೆಗಳ ಒಳಮೈಯಲ್ಲಿ ಹಲಗೆ ಕೂರಿಸಲು ಕೊರೆದು, ಆಮೇಲೆ ಆಕ್ರೋಟಿನ ಚೂರು ತುಂಬಿ ಮುಚ್ಚಿದ ಹಳೆಯ ಜಾಡುಗಳು ಕಂಡವು: ಮೂಲದಲ್ಲಿ ಡ್ರಾಯರುಗಳು ಎರಡೇ ಸಾಲಿನವಾಗಿ, ಇನ್ನೂ ತಗ್ಗಿನಲ್ಲಿದ್ದವು.

ಆ ಪುಟ್ಟ ನೆಲದ ವಿಷಯ ಇನ್ನೂ ಸ್ವಾರಸ್ಯದ್ದು. 15ನೆಯ ಲೂಯಿ ಕಾಲದ ಇಳಿಜಾರು ಮೇಜುಗಳಲ್ಲಿ ಈ ನೆಲದ ಒಂದು ಭಾಗ ಪಕ್ಕಕ್ಕೆ ಜಾರಿ, ಅದರಡಿ ಒಂದು ಆಳವಾದ ಗುಂಡಿ ತೆರೆದುಕೊಳ್ಳುತ್ತದೆ; ಬೆಲೆಬಾಳುವ ಕಾಗದಗಳನ್ನು ಇಡುತ್ತಿದ್ದದ್ದು ಅಲ್ಲಿ. ನನ್ನದರಲ್ಲಿ ನೆಲ ಅಲುಗುತ್ತಿರಲಿಲ್ಲ, ಆದರೆ ಒಡಲಿನ ಹೊರಗಿನ ಎತ್ತರಕ್ಕೂ ದೊಡ್ಡ ಡ್ರಾಯರಿನ ಎತ್ತರಕ್ಕೂ ಲೆಕ್ಕ ಹಾಕಿದರೆ 9 ಸೆಂಟಿಮೀಟರ್ ಎಲ್ಲಿಯೋ ಕಾಣೆಯಾಗುತ್ತಿತ್ತು. ಮೇಲಿನ ಪಾಪ್ಲರ್ ಹಲಗೆಯ ಎಂಟು ತಂತಿ ಮೊಳೆಗಳನ್ನು ಕಿತ್ತೆ. ಅದರಡಿ ಆಕ್ರೋಟಿನ ಮೂಲ ನೆಲ, ಅದರಲ್ಲಿ ಬೆರಳಿನ ಉಗುರಿಗೆ ಹೊಂದುವಂತೆ ಕೆತ್ತಿದ ಪುಟ್ಟ ಗುಳಿ. ಉಗುರು ಸಿಕ್ಕಿಸಿ ಎಡಕ್ಕೆ ತಳ್ಳಿದಾಗ ಹಲಗೆ ಕಿರುಗುಟ್ಟುತ್ತ ಒಂದು ಗೇಣು ಸರಿದು ನಿಂತಿತು. ಒಳಗೆ ನಿಧಿಯಿರಲಿಲ್ಲ. ಗಂಟುಕಟ್ಟಿದ ಧೂಳು, ಇಲಿ ಕಡಿದ ಕಾಗದದ ಚೂರು, ಕೆಂಪು ಅರಗಿನ ಮೊಟಕು, ಮತ್ತು ಉಕ್ಕಿನ ಒಂದು ನಿಬ್ಬು ಇದ್ದವು. ತುಕ್ಕನ್ನು ಮೆಲ್ಲಗೆ ಒರೆಸಿದಾಗ ಅದರ ಮೇಲೆ ‘ಬ್ಲಾಂಜಿ ಪೂರ್’ ಎಂಬ ಹೆಸರು ಕಂಡಿತು. ಬುಲೋನ್ ಸೂರ್ ಮೇರ್ ಎಂಬ ಕಡಲ ಪಟ್ಟಣದ ಈ ನಿಬ್ಬಿನ ಕಾರ್ಖಾನೆ ಹುಟ್ಟಿದ್ದು 1846ರಲ್ಲಿ. ಗುಂಡಿಗೆ ಬಿದ್ದ ನಿಬ್ಬು ಅದಕ್ಕೆ ಹಿಂದಿನದಾಗಲು ಸಾಧ್ಯವಿಲ್ಲ, ಮೇಲಿನ ಹಲಗೆಯನ್ನು ಮೊಳೆ ಹೊಡೆದು ಮುಚ್ಚಿದ್ದು ನಿಬ್ಬು ಬಿದ್ದ ಮೇಲೆ. ಒಳಾಂಗಣವನ್ನು ಬದಲಾಯಿಸಿದ್ದು 1846ರ ನಂತರ, ಬಹುಶಃ 19ನೆಯ ಶತಮಾನದ ಎರಡನೆಯ ಅರ್ಧದಲ್ಲಿ, ಎಂಬುದು ಹೀಗೆ ತಿಳಿಯಿತು. ಪಟ್ಟಿಯ ‘ಭಾಗಶಃ’ ನನ್ನ ಪಾಲಿಗೆ ಸುಳ್ಳಾಗಿರಲಿಲ್ಲ. ಹೊರಗಿನ ಒಡಲು, ಮುಚ್ಚಳ, ದೊಡ್ಡ ಡ್ರಾಯರು, ಗುಂಡಿ ಹಳೆಯವು, ಪುಟ್ಟ ಡ್ರಾಯರುಗಳು ಆಮೇಲಿನವು.

ಆ ಡ್ರಾಯರುಗಳನ್ನು ತೆಗೆದುಹಾಕಿ, ಜಾಡುಗಳ ಗುರುತನ್ನು ಹಿಡಿದು ಮೂಲದಂತೆ ಹೊಸತಾಗಿ ಕಟ್ಟಬೇಕೆಂಬ ಚಪಲ ನನಗೂ ಬಂತು. ಕಟ್ಟಿದ್ದರೆ 18ನೆಯ ಶತಮಾನದಂತೆ ಕಾಣುವ, ಈ ವರ್ಷದ ಒಳಾಂಗಣವೊಂದು ಸಿಗುತ್ತಿತ್ತು, ಅಂದರೆ ಮೊದಲ ಅಂಗಡಿಯಲ್ಲಿ ನಾನು ಬಿಟ್ಟುಬಂದದ್ದನ್ನೇ ಕೈಯಾರೆ ಮಾಡಿಕೊಂಡಂತಾಗುತ್ತಿತ್ತು. ಪಾಪ್ಲರ್ ಡ್ರಾಯರುಗಳನ್ನು ಇದ್ದಂತೆಯೇ ಮರಳಿ ಕೂರಿಸಿದೆ. ಮೊಳೆ ಹೊಡೆದ ಹಲಗೆಯನ್ನು ಮಾತ್ರ ಹಾಕಲಿಲ್ಲ. ಅದನ್ನು ನಿಬ್ಬಿನೊಂದಿಗೆ ಗುಂಡಿಯಲ್ಲೇ ಇಟ್ಟಿದ್ದೇನೆ.

ಬೀಗದ ಕೈ ಇರಲಿಲ್ಲ. ಬೀಗ ಕಬ್ಬಿಣದ್ದು, ಒಳಗೆ ಚೂಪು ಕಡ್ಡಿಯೊಂದು ನಿಂತಿರುವುದರಿಂದ ಕೊಳವೆಯಂತೆ ಟೊಳ್ಳಾದ ಕೈಯೇ ಬೇಕು. ಕಚ್ಚಾ ಕೈಯನ್ನು ಕೊಂಡು, ಅದರ ಹಲ್ಲನ್ನು ಮೋಂಬತ್ತಿಯ ಜ್ವಾಲೆಗೆ ಹಿಡಿದು ಮಸಿ ಕಟ್ಟಿಸಿ, ಬೀಗದಲ್ಲಿ ತಿರುಗಿಸಿ, ಮಸಿ ಅಳಿಸಿದ ಜಾಗವನ್ನು ಅರದಿಂದ ಉಜ್ಜುತ್ತ ಹೋದೆ. ಹನ್ನೊಂದನೆಯ ಸುತ್ತಿಗೆ ನಾಲಿಗೆ ಹೊರಬಂತು.

ಕೊನೆಯದು ಪಾಲಿಷ್. ಬೆಂಗಳೂರಿನ ಬಡಗಿಗಳು ‘ಫ್ರೆಂಚ್ ಪಾಲಿಷ್’ ಎನ್ನುವುದನ್ನು ಇಲ್ಲಿ ‘ವೆರ್ನಿ ಓ ತಾಂಪೋಂ’, ಅಂದರೆ ಉಂಡೆಬಟ್ಟೆಯ ವಾರ್ನಿಷ್, ಎನ್ನುತ್ತಾರೆ. ಆಲ್ಕೊಹಾಲಿನಲ್ಲಿ ಕರಗಿಸಿದ ಅರಗನ್ನು ಬಟ್ಟೆಯುಂಡೆಯಿಂದ ಪದರಪದರವಾಗಿ ಉಜ್ಜುವ ಈ ಕ್ರಮ ಫ್ರಾನ್ಸಿನಲ್ಲಿ ಹರಡಿದ್ದು 19ನೆಯ ಶತಮಾನದ ಮೊದಲ ದಶಕಗಳಲ್ಲಿ. ಆದ್ದರಿಂದ ನನ್ನ ಮೇಜಿನ ಮೊದಲ ಮೈ ಬಹುಶಃ ಬರಿಯ ಜೇನುಮೇಣದ್ದು, ನೇರಳಾತೀತ ಬೆಳಕಿನಲ್ಲಿ ಹೊಳೆದ ಅರಗು ಒಳಾಂಗಣ ಬದಲಾದ ಕಾಲದ್ದೋ ಅದರ ಆಚೀಚಿನದೋ ಆಗಿರಬೇಕು. ಹೆಸರು ಫ್ರೆಂಚರದ್ದಾದರೂ ಅರಗು ನಮ್ಮ ನಾಡಿನ ಕೀಟದ್ದು. ಚನ್ನಪಟ್ಟಣದಲ್ಲಿ ಲೇತಿನ ಮೇಲೆ ತಿರುಗುವ ಬೊಂಬೆಗೆ ಒತ್ತಿ ಬಣ್ಣ ಹಿಡಿಸುವುದೂ ಇದೇ ಅರಗಿನ ಕಡ್ಡಿಯಿಂದ. ಹಳೆಯ ಪದರವನ್ನು ಕಿತ್ತುಹಾಕಲು ನನಗೆ ಮನಸ್ಸಾಗಲಿಲ್ಲ. ಟರ್ಪೆಂಟೈನ್‌ನಿಂದ ಮೇಣದ ಕೊಳೆಯನ್ನು ಮಾತ್ರ ತೆಗೆದು, ಬೆಣೆ ಹಾಕಿದ ಜಾಗಕ್ಕೆ ಆಕ್ರೋಟು ಬಣ್ಣ ಹಚ್ಚಿ, ಇಡೀ ಮೈಗೆ ತೆಳುವಾದ ಅರಗಿನ ದ್ರಾವಣವನ್ನು ಮೂರು ಬಾರಿ ಉಜ್ಜಿದೆ. ಮೇಲೆ ಜೇನುಮೇಣ. ಬರೆಯುವ ಹಲಗೆಯ ಮೇಲಿನ ಶಾಯಿಯ ಕಲೆಗಳನ್ನು ಮುಟ್ಟಲಿಲ್ಲ.

ಅಕ್ಟೋಬರ್ ಕೊನೆಗೆ ನಾಲ್ವರು ಸೇರಿ ಮೇಜನ್ನು ಮೂರನೆಯ ಮಹಡಿಗೆ ಹೊತ್ತೆವು. ಮೇಜಿನ ಬೆಲೆ, ಸಾಗಣೆ, ಸಾಮಗ್ರಿ ಎಲ್ಲ ಸೇರಿ 580 ಯೂರೋದ ಆಸುಪಾಸಿನಲ್ಲಿ ನಿಂತಿದೆ. ಮಳೆಯ ಆ ವಾರ ಬಲಬದಿಯ ಆನಿಕೆ ಪಟ್ಟಿ ಅರ್ಧಕ್ಕೆ ಬಂದು ಸಿಕ್ಕಿಕೊಳ್ಳುತ್ತಿತ್ತು, ಮತ್ತು ಹತ್ತರಿಯನ್ನು ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟೆ. ಈಗ ಡಿಸೆಂಬರ್, ಹೀಟರ್ ಶುರುವಾಗಿ ಕೋಣೆಯ ತೇವಾಂಶ ಶೇಕಡ 38ಕ್ಕೆ ಇಳಿದಿದೆ, ಅದೇ ಪಟ್ಟಿ ಬೆರಳಿನ ತುದಿಗೆ ಸರಾಗವಾಗಿ ಜಾರುತ್ತಿದೆ. ಬೆಣೆಯ ಪಕ್ಕದಲ್ಲಿ ಕೂದಲೆಳೆಯಷ್ಟು ಗೆರೆಯೊಂದು ತೆರೆದಿದೆ. ಅದನ್ನು ಏಪ್ರಿಲ್‌ವರೆಗೆ ತಿಂಗಳಿಗೊಮ್ಮೆ ಅಳೆದು ಬರೆದಿಡುತ್ತಿದ್ದೇನೆ, ಪಟ್ಟಿಗೆ ಹತ್ತರಿ ಹಾಕುವುದೋ ಬೇಡವೋ ಎಂಬುದನ್ನು ಮುಂದಿನ ಮಳೆಗಾಲದ ಅಳತೆ ನೋಡಿಯೇ ತೀರ್ಮಾನಿಸುತ್ತೇನೆ.